ಸೋಮವಾರದ ಬಿಡುವು

ಶುಕ್ರವಾರ ಬೆಳಿಗ್ಗೆ ಠಾಣೆಗೆ ಬಂದ ಗಿರಿರಾಜ್ ಕೈಯಲ್ಲಿ ಶ್ರೀಖಂಡದ ಖಾಲಿ ಡಬ್ಬಿ ಇತ್ತು. ಮಂಗಳವಾರ ಸಂಜೆ ಕಾಮಾಕ್ಷಿಪಾಳ್ಯದ ಮಡಿವಾಳಪ್ಪನ ಡೈರಿಯಿಂದ ತಂದದ್ದು. ತಿಂದ ಮನೆಯವರೆಲ್ಲ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಆರು ವರ್ಷದ ಮಗಳು ವಚನಾ ಮಾತ್ರ ಮನೆಗೆ ಮರಳಲಿಲ್ಲ.

"ನಾನೇ ಸಾರ್ ತಂದು ತಿನ್ನಿಸಿದ್ದು," ಎಂದರು ಗಿರಿರಾಜ್. ಇನ್‌ಸ್ಪೆಕ್ಟರ್ ಶಂಭುಲಿಂಗಪ್ಪ ಅವರನ್ನು ಕೂರಿಸಿದರು. ದೂರು ಬರೆಸಿಕೊಂಡು ಎಫ್‌ಐಆರ್ ಹಾಕಿಸಿದರು.

ಹಳಸಿದ್ದನ್ನು ಮಾರುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಅಂಥವನೊಬ್ಬ ಸಿಗುತ್ತಾನೆಂದೇ ಕಾನ್‌ಸ್ಟೇಬಲ್ ಯಲ್ಲಪ್ಪನನ್ನೂ ಫ್ರಿಜ್ ಮೆಕ್ಯಾನಿಕ್ ಶ್ಯಾಮಸುಂದರನನ್ನೂ ಕರೆದುಕೊಂಡು ಡೈರಿಯ ಪಂಚನಾಮೆಗೆ ಹೊರಟರು. ಸಿಕ್ಕಿದ್ದರೆ ಮನಸ್ಸು ಎಷ್ಟೋ ಹಗುರವಾಗಿರುತ್ತಿತ್ತು. ಆದರೆ ಅಂಗಡಿ ಕನ್ನಡಿಯಂತೆ ಶುಭ್ರವಾಗಿತ್ತು. ಫ್ರೀಜರ್ ಬಾಗಿಲ ಮೇಲೆ ವಿಭೂತಿಯ ಮೂರು ಪಟ್ಟಿ, ಒಳಗೆ ಕೈ ಹಾಕಿದರೆ ಕೊರೆಯುವ ಚಳಿ.

"ಕರೆಂಟ್ ಹೋಗಿತ್ತಾ?" ಶಂಭುಲಿಂಗಪ್ಪ ಕೇಳಿದರು.

"ಇಲ್ರಿ ಸಾಹೇಬ್ರ," ಎಂದ ಮಡಿವಾಳಪ್ಪ.

"ಮೆಷಿನ್ ಕೆಟ್ಟಿತ್ತಾ?"

"ಇಲ್ರಿ. ಸ್ವಲ್ಪ ನರಳತಿತ್ತು ಅಷ್ಟ. ಒಳಗ ಬರ್ಫ ನೋಡ್ರಿ, ಎಷ್ಟು ದಪ್ಪ ಕಟ್ಟೇತಿ. ಗಟ್ಟಿ ಮಷೀನ್ರಿ."

ಶ್ಯಾಮಸುಂದರ ಬಾಗಿಲ ಸಂದಿಗೆ ಹಾಳೆಯೊಂದನ್ನು ಸಿಕ್ಕಿಸಿ, ಮುಚ್ಚಿ, ಎಳೆದ. ಬಿಗಿಯಾಗಿ ಕೂರಬೇಕಿದ್ದ ಹಾಳೆ ಸಲೀಸಾಗಿ ಈಚೆ ಬಂತು.

"ಬಾಗಿಲ ರಬ್ಬರ್ ಹೋಗಿದೆ ಸಾರ್. ಹೊರಗಿನ ಗಾಳಿ ನುಗ್ಗಿ ಈ ಪಾಟಿ ಐಸ್ ಕಟ್ಟಿದೆ. ಇದು ಗಟ್ಟಿತನ ಅಲ್ಲ, ಕಾಯಿಲೆ. ಆದ್ರೆ ಇದೊಂದ್ರಿಂದ್ಲೇ ಮಾಲು ಕೆಡಲ್ಲ." ಅವನು ಡಬ್ಬಿಯೊಂದನ್ನು ತೆಗೆದು ತೋರಿಸಿದ. ಶ್ರೀಖಂಡ ಕರಗಿ, ನೀರು ಬಿಟ್ಟು, ಮತ್ತೆ ಹೆಪ್ಪುಗಟ್ಟಿತ್ತು. "ಯಾರೋ ತುಂಬಾ ಹೊತ್ತು ಆಫ್ ಮಾಡಿದಾರೆ."

ಯಲ್ಲಪ್ಪ ಡಬ್ಬಿಗಳಿಗೆ ಸೀಲು ಹಾಕತೊಡಗಿದ. ಶಂಭುಲಿಂಗಪ್ಪನವರ ಕಣ್ಣು ಶಟರ್ ಪಕ್ಕದ 'ಸೋಮವಾರ ರಜೆ' ಫಲಕದ ಮೇಲೆ ನಿಂತಿತು. ನವಲಗುಂದದ ಕಡೆಯ ಅವರ ಮನೆಯಲ್ಲೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅಯ್ಯೋ, ಹಾಗಾಗದಿರಲಿ ಎಂದುಕೊಳ್ಳುತ್ತಲೇ ಕೇಳಿದರು.

"ಮಡಿವಾಳಪ್ಪ, ಸೋಮವಾರ ಇದನ್ನ ಬಂದ್ ಮಾಡಿದ್ರಾ?"

"ಹೂಂನ್ರಿ." ಅವನು ಏನನ್ನೂ ಮುಚ್ಚಿಡಲಿಲ್ಲ. "ತಿಂಗಳಾತ್ರಿ, ಹಗಲು ರಾತ್ರಿ ಒಂದ ಸಮನ ದುಡಿತಿತ್ತು. ನಿಂತಿದ್ದ ನೋಡ್ಲೇ ಇಲ್ಲ. ಎತ್ತಿಗೂ ಒಂದಿನ ಬಿಡುವು ಕೊಡೋ ಮಂದಿ ನಾವು. ಅಷ್ಟು ಬರ್ಫ ಇರಬೇಕಾದ್ರ ಒಂದಿನಕ್ಕ ಏನಾಗ್ತೈತಿ ಅಂದ್ಕೊಂಡು, ಈ ಸೋಮವಾರ ಬಂದ್ ಮಾಡಿ, ಮಂಗಳವಾರ ಮುಂಜಾನೆ ಮತ್ತ ಚಾಲೂ ಮಾಡಿದ್ನಿರಿ."

ಕೆಲವು ದಿನಗಳ ಮೇಲೆ ಬಂದ ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು: ಶ್ರೀಖಂಡ ಬೆಚ್ಚಗಾಗಿ ವಿಷವಾಗಿತ್ತು. ಅಂದೇ ಮಡಿವಾಳಪ್ಪನನ್ನು ಬಂಧಿಸಿದರು. ಹೆಂಡತಿ ಹಾಲವ್ವ ಅಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಆ ಕೂಸಿನ ತಾಯಿ ಊಟ ಮಾಡಿದಳೇನು ಎಂದಷ್ಟೇ ಕೇಳಿದಳು. ದುರಾಸೆಯವರನ್ನು ಹಿಡಿದು ಶಂಭುಲಿಂಗಪ್ಪನವರಿಗೆ ಅಭ್ಯಾಸವಿತ್ತು. ಯಂತ್ರಕ್ಕೆ ಕನಿಕರಪಟ್ಟು ತಪ್ಪು ಮಾಡಿದವನನ್ನು ಹಿಡಿದದ್ದು ಇದೇ ಮೊದಲು.

ಠಾಣೆಯಲ್ಲಿ ಶ್ಯಾಮಸುಂದರನ ಹೇಳಿಕೆಯನ್ನು ಯಲ್ಲಪ್ಪ ನಿಯಮದಂತೆ ಗಟ್ಟಿಯಾಗಿ ಓದಿದ: "ಬಾಗಿಲ ರಬ್ಬರ್ ಬದಲಿಸಿದ್ದರೆ, ಸಾಕಷ್ಟು ತಣ್ಣಗಾದ ಕೂಡಲೇ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಹಾಗೆ ಆಗಾಗ ನಿಂತು ಸುಧಾರಿಸಿಕೊಳ್ಳುತ್ತಿತ್ತು."

ಬೆಂಚಿನ ಮೇಲಿದ್ದ ಮಡಿವಾಳಪ್ಪ ತಲೆ ಎತ್ತಿದ.

"ತಾನ ನಿಂದರತಿತ್ತೇನ್ರಿ?"

"ಹೌದು," ಎಂದರು ಶಂಭುಲಿಂಗಪ್ಪ.

"ದಿನಾ?"

"ದಿನಾ."