ಕಪ್ಪೆಮರಿಯ ಮಾವ

"ಎಂಟು ವರ್ಷದ ಮಗೂನ ಎಲ್ಲರ ಮುಂದೆ ಹಾಗೆ ಬೈತಾರೇನ್ರೀ?"

ಈಜುಕೊಳದ ಗೇಟು ದಾಟಿ ನುಗ್ಗಿ ಬಂದವನು ಬಸ್ ಡ್ರೈವರ್. ಡ್ಯೂಟಿಯ ಅಂಗಿಯನ್ನೂ ಬಿಚ್ಚಿರಲಿಲ್ಲ. ಅವನ ಅಕ್ಕನ ಮಗಳು, ಮನೆಯವರೆಲ್ಲ ಕಪ್ಪೆಮರಿ ಎಂದು ಕರೆಯುವ ಹುಡುಗಿ, ಅತ್ತು ಅತ್ತು ಮೂಗು ಕೆಂಪಗೆ ಮಾಡಿಕೊಂಡು ಹಿಂದೆ ನಿಂತಿದ್ದಳು.

ಈಜು ಕಲಿಸುವ ಮೇಡಂಗೂ ಸಿಟ್ಟು ನೆತ್ತಿಗೇರಿತು.

"ಮೂರು ವಾರದಿಂದ ಹೇಳ್ತಾ ಇದ್ದೀನಿ! ನೇರ ಈಜು ಅಂದ್ರೆ ಒಮ್ಮೆ ಆ ಕಡೆ ಹಗ್ಗಕ್ಕೆ, ಒಮ್ಮೆ ಈ ಕಡೆ ಹಗ್ಗಕ್ಕೆ ಹೋಗಿ ಹೊಡ್ಕೊಳ್ತಾಳೆ. ಪಕ್ಕದವರಿಗೆ ಒದೀತಾಳೆ. ಹುಡುಗಾಟ ಅಲ್ದೆ ಇನ್ನೇನು?"

"ಹುಡುಗಾಟ ಅಲ್ಲ ಮೇಡಂ..." ಹುಡುಗಿ ಬಿಕ್ಕಿದಳು. "ಅವರು ಪಕ್ಕದಲ್ಲಿ ಇರೋದೇ ನಂಗೆ ಗೊತ್ತಾಗಲ್ಲ."

ಮೇಡಂ ತಟ್ಟನೆ ಅವಳ ಕಣ್ಣುಗಳನ್ನೇ ನೋಡಿದಳು. ಹಿಂದೆ ತರಬೇತಿಯಲ್ಲಿ ಕಲಿತದ್ದೇನೋ ನೆನಪಾಯಿತು. ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತಳು.

"ಒಂದು ಕಣ್ಣು ಮುಚ್ಕೋ. ನನ್ನ ಮೂಗನ್ನೇ ನೋಡ್ತಿರು. ಬೆರಳು ಕಂಡ ಕೂಡಲೇ ಹೇಳು."

ಹುಡುಗಿಯ ಕಿವಿಯ ಪಕ್ಕದಿಂದ ಬೆರಳನ್ನು ಮೆಲ್ಲಗೆ ಮುಂದೆ ತಂದಳು. ಹುಡುಗಿ ಮಾತಾಡಲಿಲ್ಲ. ಬೆರಳು ಮೂಗಿನ ನೇರಕ್ಕೆ ಬಂದಾಗಲಷ್ಟೇ, "ಈಗ!"

ಇನ್ನೊಂದು ಕಣ್ಣಿಗೂ ಅಷ್ಟೇ.

"ಕನ್ನಡಕದ ಅಂಗಡೀಲಿ ಅಕ್ಷರ ಓದಿಸಿದ್ರು, ಎಲ್ಲಾ ಸರಿ ಇದೆ ಅಂದ್ರಲ್ಲ..." ಡ್ರೈವರ್‌ನ ದನಿ ಇಳಿದುಹೋಗಿತ್ತು.

"ಎದುರಿಗಿರೋದು ಸರಿಯಾಗಿ ಕಾಣುತ್ತೆ. ಪಕ್ಕದ್ದು ಕಾಣ್ತಿಲ್ಲ. ತಲೆನೋವು ಬರುತ್ತಾ?"

"ಬೆಳಗ್ಗೆ ಬೆಳಗ್ಗೆ ಬರುತ್ತೆ... ಸ್ಕೂಲು ತಪ್ಪಿಸೋಕೆ ನಾಟಕ ಅಂದ್ಕೊಂಡ್ವಿ."

"ಇವತ್ತೇ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ. ದಯವಿಟ್ಟು!"

ಎರಡು ದಿನದ ನಂತರ ಅವನ ಫೋನು ಬಂತು. "ಮಿದುಳಲ್ಲಿ ಗಡ್ಡೆಯಂತೆ ಮೇಡಂ... ಎರಡೂ ಕಣ್ಣಿನ ನರ ಸೇರೋ ಜಾಗಾನ ಒತ್ತಿಕೊಂಡು ಕೂತಿದೆಯಂತೆ. ಕ್ಯಾನ್ಸರ್ ಅಲ್ಲ. ಆದ್ರೆ ಬೇಗ ತೆಗೀಬೇಕಂತೆ."

ಆಪರೇಷನ್ ದಿನ ಮೇಡಂ ಕೂಡ ಹೋದಳು. ಹೊರಗಿನ ಬೆಂಚಿನಲ್ಲಿ ಎಂಟು ಗಂಟೆ ಕಾಲ! ಅವನು ತಂದುಕೊಟ್ಟ ಚಹಾಕ್ಕೆ ಸಕ್ಕರೆಯೇ ಇರಲಿಲ್ಲ. ಅವಳು ಪೂರ್ತಿ ಕುಡಿದಳು. ಅವನ ಕೈಮೇಲೆ ತನ್ನ ಕೈಯಿಟ್ಟಳು. ಅವನು ಎಳೆದುಕೊಳ್ಳಲಿಲ್ಲ.

ಡಾಕ್ಟರು ನಗುತ್ತಾ ಹೊರಬಂದರು.

ಅದಾದ ಮೇಲೆ ಅವನ ಸುಳಿವೇ ಇಲ್ಲ! ಒಂದು ತಿಂಗಳು... ಎರಡು... ಫೋನ್ ಮಾಡಿದರೆ ಅವನ ಅಕ್ಕನೇ ಎತ್ತುತ್ತಿದ್ದಳು.

'ನಾನು ಮಗುವಿಗೆ ಬೈದದ್ದು ಅವರ ಮನಸ್ಸಲ್ಲಿ ಕೂತುಬಿಟ್ಟಿದೆ. ಸರಿಯೇ ತಾನೇ...'

ನಾಲ್ಕು ತಿಂಗಳ ಮೇಲೆ, ಡಾಕ್ಟರ ಒಪ್ಪಿಗೆ ಪಡೆದು ಕಪ್ಪೆಮರಿ ಮತ್ತೆ ಕೊಳಕ್ಕೆ ಬಂದಳು. ನೋಟ ಬಹುಪಾಲು ಮರಳಿತ್ತು. ಎಡಗಡೆ ಇನ್ನೂ ಸ್ವಲ್ಪ ಬಾಕಿಯಿತ್ತು; ಆ ಕಡೆಗೆ ಕತ್ತು ಹೊರಳಿಸಿ ನೋಡುವುದನ್ನು ಕಲಿತಿದ್ದಳು.

"ನಿನ್ನ ಮಾವ ಬರಲಿಲ್ವಾ?"

"ಗೇಟ್ ಹತ್ರ ಇದ್ದಾರೆ. ಒಳಗೆ ಬರಲ್ವಂತೆ. ಅವರ ಮುಖ ನೋಡೋಕಾಗಲ್ಲ ಅಂತ ನೀವೇ ಅಂದ್ರಂತಲ್ಲ!"

ಹೌದು, ಆಪರೇಷನ್ ಆದ ವಾರ ಕೊಳದ ಆಫೀಸಿನಲ್ಲಿ ಗೆಳತಿಯೆದುರು ಅವಳು ಅಳುತ್ತಾ ಹಾಗೆ ಅಂದದ್ದುಂಟು. ಅವನು ಬಾಗಿಲಾಚೆ ನಿಂತಿದ್ದನೇ?

ಬರಿಗಾಲಲ್ಲೇ ಓಡಿದಳು.

"ನಾಚಿಕೆಗೆ ಅಂದದ್ದು ರೀ! ಕಣ್ಣು ಕಾಣದ ಮಗೂಗೆ ಬೈದು, ಯಾವ ಮುಖ ಹೊತ್ತು ನಿಮ್ಮೆದುರು ನಿಲ್ಲಲಿ ಅಂತ..."

ಅವನು ಬೆಪ್ಪಾದ. "ಅಯ್ಯೋ! ಅವತ್ತು ನಾನು ಥ್ಯಾಂಕ್ಸ್ ಹೇಳೋಕೆ ಬಂದಿದ್ದೆ. ಬೈಯೋರು ಬೇಕಾದಷ್ಟು ಜನ ಇದ್ರು. ಕೂತು ಅವಳ ಕಣ್ಣು ನೋಡಿದವರು ನೀವೊಬ್ರೇ." ತಲೆ ತಗ್ಗಿಸಿದ. "ಈ ರಸ್ತೇಲೇ ಡ್ಯೂಟಿ ಹಾಕಿ ಅಂತ ಕೇಳಿ ಹಾಕಿಸ್ಕೊಂಡಿದ್ದೀನಿ. ದಿನಾ ನಾಲ್ಕು ಸಲ ನಿಮ್ಮ ಆಫೀಸಿನ ಕಿಟಕಿ ಕಾಣುತ್ತೆ..."

"ಕಿಟಕಿ ಕಂಡ್ರೆ ಸಾಕಾ?"

"ಸಾಲ್ದು... ನನ್ನ ಮದುವೆ ಆಗ್ತೀರಾ?"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಹೂಂ ಎಂದು ತಲೆಯಾಡಿಸಿದಳು.

ನೀರು ತೊಟ್ಟಿಕ್ಕಿಸುತ್ತಾ ಹಿಂದೆಯೇ ಬಂದಿದ್ದ ಕಪ್ಪೆಮರಿ ಸೊಂಟದ ಮೇಲೆ ಕೈಯಿಟ್ಟಳು.

"ಹಾಗಾದ್ರೆ ಇನ್ಮೇಲೆ ಮೇಡಂ ಅನ್ಲಾ, ಅತ್ತೆ ಅನ್ಲಾ?"

"ನೀರಲ್ಲಿ ಮೇಡಂ," ಅವಳು ಕಣ್ಣೊರೆಸಿಕೊಂಡಳು. "ಮನೇಲಿ ಅತ್ತೆ."