ನಾಲ್ಕನೇ ಗುಳಿಯ ಮಸಿ

ಗ್ಯಾರೇಜಿನವರೆಲ್ಲ ಅವಳಿಗೆ ಇಟ್ಟ ಹೆಸರು ‘ವಾಪಸ್ ಮೇಡಂ’. ಇಂಜಿನ್ ಭಾಗಗಳನ್ನು ಮಟ್ಟ ಮಾಡಿ ಕೊಡುವ ಅಪ್ಪನ ಮೆಷಿನ್ ಶಾಪನ್ನು ಈಗ ಅವಳೇ ನೋಡಿಕೊಳ್ಳುತ್ತಿದ್ದಳು. ಅವಳ ಮುಂದೆ ಇಂಜಿನ್ನಿನ ಮೇಲ್ಮುಚ್ಚಳ, ಅಂದರೆ ಸಿಲಿಂಡರ್ ಹೆಡ್ಡನ್ನು, ಕೊಳಕಾಗಿಯೇ ತಂದಿಟ್ಟರೆ ಮುಗಿಯಿತು, ತಂದವರು ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಹೊತ್ತುಕೊಂಡು ಹೋಗಬೇಕು.

ನಮ್ಮ ಮೆಕ್ಯಾನಿಕ್ಕೂ ಹಾಗೆ ಎರಡು ಸಲ ಹೊತ್ತವನೇ. ಮೊದಲ ಸಲ ಎಂಟೂ ವಾಲ್ವ್‌ಗಳನ್ನು ಒಂದೇ ಚೀಲಕ್ಕೆ ಸುರಿದುಕೊಂಡು ಬಂದಿದ್ದ.

“ಯಾವ್ದು ಯಾವ ಜಾಗದ್ದು?”

“ಎಲ್ಲಾ ಒಂದೇ ಅಲ್ವಾ ಮೇಡಂ?”

“ಇಷ್ಟು ವರ್ಷ ಒಂದೊಂದೂ ತಾನು ಕೂರೋ ಸೀಟಿನ ಜೊತೆ ಸವೆದು ಹೊಂದಿಕೊಂಡಿರುತ್ತೆ. ಮನೇಲಿ ಚಪ್ಪಲೀನೂ ಹೀಗೇನಾ, ಕೈಗೆ ಸಿಕ್ಕಿದ್ದು ಹಾಕ್ಕೊಂಡು ಹೋಗೋದು?”

ಅವನಿಗೆ ಸಿಟ್ಟು ಬರಬೇಕಿತ್ತು. ಅಷ್ಟರಲ್ಲಿ ಅವಳು ಉಕ್ಕಿನ ಪಟ್ಟಿಯೊಂದನ್ನು ಹೆಡ್ಡಿನ ಮೇಲೆ ಅಂಚಾಗಿ ನಿಲ್ಲಿಸಿ, ಹಿಂದೆ ದೀಪ ಹಿಡಿದು, “ಬಗ್ಗಿ ನೋಡಿ” ಎಂದಳು. ಬಗ್ಗಿದ. ಪಟ್ಟಿಗೂ ತಾನು ಸಪಾಟಾಗಿದೆ ಅಂದುಕೊಂಡಿದ್ದ ಲೋಹಕ್ಕೂ ನಡುವೆ ನೂಲಿನಷ್ಟು ತೆಳ್ಳಗೆ ಬೆಳಕು ಹರಿಯುತ್ತಿತ್ತು. ಹತ್ತು ವರ್ಷ ಇಂಜಿನ್ ಬಿಚ್ಚಿದವನು ಆ ಬೆಳಕನ್ನು ಅಂದೇ ಮೊದಲು ಕಂಡದ್ದು. ಪಕ್ಕದಲ್ಲೇ ಒಂದು ಕಣ್ಣು ಮುಚ್ಚಿಕೊಂಡಿದ್ದ ಅವಳ ಮುಖವನ್ನೂ ಕಂಡ. ಅವಳು ದೀಪ ಆರಿಸಿದ ಮೇಲೂ ಬಗ್ಗಿಯೇ ಇದ್ದ.

ಎರಡನೇ ಸಲ ಬೇರೊಂದು ಹೆಡ್ಡನ್ನು ತೊಳೆದು ತಂದ. ಅಂಚಿನಲ್ಲಿ ಹಳೇ ಗ್ಯಾಸ್ಕೆಟ್ ಹಾಳೆಯ ಚೂರೊಂದು ಅಂಟಿಕೊಂಡಿದೆಯೆಂದು ಅದೂ ವಾಪಸ್ಸಾಯಿತು. ಅವನು ಶಿಳ್ಳೆ ಹಾಕುತ್ತಲೇ ಹೊತ್ತುಕೊಂಡು ಹೋದ.

ಈಗ ಮೂರನೆಯದು, ಶಾಲಾ ಮಕ್ಕಳ ವ್ಯಾನಿನದು. ಎರಡು ದಿನ ಅದರ ಮುಂದೆಯೇ ಕೂತ. ರಟ್ಟಿಗೆ ಎಂಟು ತೂತು ಕೊರೆದು, ನಂಬರ್ ಬರೆದು, ವಾಲ್ವ್‌ಗಳನ್ನು ಸಾಲಾಗಿ ಚುಚ್ಚಿಟ್ಟ. ಅಲ್ಯೂಮಿನಿಯಂ ಗೀರದಂತೆ ಮರದ ಚಕ್ಕೆಯಿಂದ ಮಸಿ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದ. ಬೆಂಕಿ ಉರಿಯುವ ನಾಲ್ಕು ಗುಳಿಗಳಲ್ಲಿ ಮೂರು ಬೆಳ್ಳಗೆ ಹೊಳೆದವು. ನಾಲ್ಕನೆಯದಕ್ಕೆ ಬಂದಾಗ ಕೈ ನಿಂತಿತು. ಅವನ ಪುಟ್ಟ ಗ್ಯಾರೇಜಿಗೆ ಇಂಥ ಕೆಲಸ ಬರುವುದೇ ಎರಡು-ಮೂರು ತಿಂಗಳಿಗೊಮ್ಮೆ. ಇದು ಪಾಸಾದರೆ ಮತ್ತೆ ಯಾವಾಗಲೋ. ವಾಪಸ್ಸಾದರೆ ಇನ್ನೊಂದು ಸಲ ಅವಳನ್ನು ನೋಡಬಹುದು.

ಮಸಿಯನ್ನು ಹಾಗೇ ಬಿಟ್ಟ.

ರಟ್ಟನ್ನು ನೋಡಿ ಅವಳು ಹುಬ್ಬೇರಿಸಿದಳು. “ಅಬ್ಬಾ! ಯಾರ್ ಮಾಡಿದ್ದು?”

“ಚಪ್ಪಲಿ ಸರಿಯಾಗಿ ಹಾಕ್ಕೊಳ್ಳೋದು ಕಲ್ತೆ ಮೇಡಂ.”

ನಕ್ಕಳು. ಅವಳ ಬೆರಳು ಒಂದು, ಎರಡು, ಮೂರು ಗುಳಿ ದಾಟಿ ನಾಲ್ಕನೆಯದರಲ್ಲಿ ನಿಂತಿತು. ‘ವಾಪಸ್’ ಎಂಬ ಮಾತಿಗೆ ಅವನು ಕಿವಿಯಾದ. ಅವಳು ಹೇಳಲಿಲ್ಲ. ತಾನೇ ಬ್ರಶ್ಶು ಹಿಡಿದು ಉಜ್ಜಿ ಒರೆಸಿದಳು. ಮಸಿ ಹೋದ ಜಾಗದಲ್ಲಿ, ಎರಡು ವಾಲ್ವ್ ಸೀಟುಗಳ ನಡುವೆ, ಕೂದಲೆಳೆಯಷ್ಟು ಸಣ್ಣ ಬಿರುಕು.

ಅವನು ಬಿರುಕನ್ನು ಬೆರಳಿನಿಂದ ಮುಟ್ಟಿ ನೋಡಿದ. ಬೇರೆ ಶಾಪಿನವರಾಗಿದ್ದರೆ ಮಸಿ ಇದ್ದ ಹಾಗೇ ಮಟ್ಟ ಮಾಡಿ ಕೊಟ್ಟುಬಿಡುತ್ತಿದ್ದರು. ಬಿರುಕಿನಲ್ಲಿ ನೀರು ಸೋರಿ, ವ್ಯಾನು ಮಕ್ಕಳನ್ನು ತುಂಬಿಕೊಂಡು ನಡುದಾರಿಯಲ್ಲಿ ಕುದಿದು ನಿಲ್ಲುತ್ತಿತ್ತು.

“ಕಾಣ್ಲಿಲ್ವಾ?”

ಸುಳ್ಳು ಹೇಳಬಹುದಿತ್ತು. “ತೊಳೀಲೇ ಇಲ್ಲ ಮೇಡಂ. ಬೇಕಂತಲೇ ಬಿಟ್ಟೆ.”

“ಯಾಕೆ?”

“ನೀವು ವಾಪಸ್ ಕಳಿಸ್ತೀರಿ ಅಂತ. ಇನ್ನೊಂದ್ ಸಲ ಬರ್ಬೋದು ಅಂತ.” ತಲೆ ಎತ್ತಲಾಗಲಿಲ್ಲ. “ನಿಮ್ಮನ್ನ ನೋಡೋಕೆ.”

ಅವಳು ಬಿರುಕಿನ ಸುತ್ತ ಸೀಮೆಸುಣ್ಣದಲ್ಲಿ ವೃತ್ತ ಎಳೆದಳು. ಎಳೆದ ಮೇಲೆ ಮತ್ತೊಮ್ಮೆ ಎಳೆದಳು.

“ಇನ್ನೊಂದ್ಸಲ ಹೀಗೆ ಮಾಡಿದ್ರೆ ಈ ಬಾಗ್ಲು ತುಳೀಬೇಡಿ.”

“ಮಾಡಲ್ಲ. ಆಣೆ ಮಾಡಿ ಹೇಳ್ತೀನಿ.”

“ಹೋದ ಸಲ ಆ ಗ್ಯಾಸ್ಕೆಟ್ ಚೂರು...”

“ವಾಪಸ್ ತಗೊಂಡೋಗಿ ಅದನ್ನ ತೆಗೆಯೋಕೆ ಅರ್ಧ ದಿನ ಕೂತಿದ್ದೆ ಮೇಡಂ, ಎಲ್ಲೂ ಗೀರು ಬೀಳ್ಬಾರ್ದು ಅಂತ.”

“ಅದನ್ನ ಅವತ್ತೇ ನಾನೇ ಉಗುರಲ್ಲಿ ತೆಗೀಬಹುದಿತ್ತು. ಆದ್ರೂ ವಾಪಸ್ ಕಳಿಸ್ದೆ.”

ಅವನು ತಟ್ಟನೆ ತಲೆ ಎತ್ತಿದ. ಊರಿಗೆಲ್ಲ ಗದರುವ ವಾಪಸ್ ಮೇಡಂ ಹೆಡ್ಡಿನ ಮೇಲಿಲ್ಲದ ಧೂಳು ಒರೆಸುತ್ತಿದ್ದಳು. ಕಿವಿ ಕೆಂಪಾಗಿತ್ತು. ಅವನು ಕಣ್ಣು ಕೀಳದೆ ನೋಡಿದ. ಬೆಳಕಿನ ಆ ಎಳೆಯನ್ನು ಮೊದಲು ಕಂಡಾಗಲೂ ಹೀಗೇ ನೋಡಿದ್ದ.

“ವೆಲ್ಡ್ ಮಾಡಿ ಮಟ್ಟ ಮಾಡೋಕೆ ನಾಲ್ಕು ದಿನ ಹಿಡಿಯುತ್ತೆ,” ಎಂದಳು. “ನಾಳೆ ಬನ್ನಿ.”

“ನಾಳೆಗೆ ಆಗಿರಲ್ವಲ್ಲ?”

“ಆಗಿರಲ್ಲ. ಬನ್ನಿ.”