ಸಮಕರ್ಣ

ಓಂಕಾರ ಬಾಗೇವಾಡಿ ಕಣ್ಣು ಮುಚ್ಚಿಕೊಂಡೇ ವಿಮಾನ ನಡೆಸುತ್ತಿದ್ದ.

ಹತ್ತು ಮೀಟರ್ ಉದ್ದದ ಕಬ್ಬಿಣದ ತೋಳಿನ ತುದಿಯಲ್ಲಿ ಸಿಮ್ಯುಲೇಟರಿನ ಗೂಡು ತಿರುಗುತ್ತ, ವಾಲುತ್ತ, ಏಳುತ್ತ ಇತ್ತು. ಅದರ ಗಾಜಿನಾಚೆ ಬೂದಿ ಬಣ್ಣದ ಕೃತಕ ಮೋಡ ಬಿಟ್ಟರೆ ಬೇರೇನೂ ಇರಲಿಲ್ಲ. ಕೆಳಗೆ ನಿಂತ ಸಹಪಾಠಿಗಳಿಗೆ ಪರದೆಯ ಮೇಲೆ ಅವನ ಮುಖ ಕಾಣುತ್ತಿತ್ತು. ಊಟ ಮುಗಿಸಿ ಒರಗಿದವನ ಮುಖದಂತೆ ಅದು ನಿರಾಳವಾಗಿತ್ತು.

"ಎಡಕ್ಕ ಇಪ್ಪತ್ತು ಡಿಗ್ರಿ," ಎಂದ. ಪರದೆಯ ಅಂಕಿಯೂ ಇಪ್ಪತ್ತನ್ನೇ ತೋರಿಸಿತು. "ಈಗ ಸಮ ಮಾಡತೀನಿ." ಅಂಕಿ ಸೊನ್ನೆಗೆ ಬಂದು ನಿಂತಿತು. ಹುಡುಗರು ಚಪ್ಪಾಳೆ ತಟ್ಟಿದರು.

ಓಂಕಾರನ ಬಲಗಿವಿಯ ಹಿಂದೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಅಂಟಿಕೊಂಡಿತ್ತು. ಅದರ ಹೆಸರು ಸಮಕರ್ಣ. ಮನುಷ್ಯನ ಒಳಗಿವಿಯಲ್ಲಿ ಕೂದಲೆಳೆಯಂಥ ಮೂರು ಬಾಗಿದ ನಾಳಗಳಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಹಿಂದೆ ಉಳಿಯುತ್ತದೆ. ತಿರುಗಿದೆವೆಂದು ಮಿದುಳಿಗೆ ತಿಳಿಯುವುದು ಹಾಗೆ. ಆದರೆ ಒಂದೇ ದಿಕ್ಕಿಗೆ ಇಪ್ಪತ್ತು ಸೆಕೆಂಡು ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೆ ಓಡತೊಡಗುತ್ತದೆ, ಮೈ ನಿಂತಂತೆ ಅನಿಸುತ್ತದೆ. ನೆಲ, ದಿಗಂತ ಕಾಣುತ್ತಿದ್ದರೆ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಮೋಡದೊಳಗೆ ತಿದ್ದುವವರಿಲ್ಲ. ನೂರೈವತ್ತು ವರ್ಷಗಳಿಂದ ಪೈಲಟ್‌ಗಳು ಮೋಡದಲ್ಲಿ ಸಾಯುತ್ತಿದ್ದುದು ಬಹುಮಟ್ಟಿಗೆ ಈ ಒಂದು ಸುಳ್ಳಿನಿಂದಲೇ. ಸಮಕರ್ಣ ವಿಮಾನದ ಗೈರೋಗಳು ಅಳೆದ ವಾಲು, ತಿರುವುಗಳನ್ನು ನೇರವಾಗಿ ಸಮತೋಲದ ನರಕ್ಕೆ ಮುಟ್ಟಿಸುತ್ತಿತ್ತು. ಮಾಪಕ ಓದಿ ತಿಳಿಯಬೇಕಾದ್ದನ್ನು ಪೈಲಟ್ ಈಗ ಮೈಯಲ್ಲೇ ಅನುಭವಿಸುತ್ತಿದ್ದ. ೨೦೫೮ರ ಆ ಹೊತ್ತಿಗೆ ದೇಶದ ನಾನೂರು ವಿಮಾನಗಳಲ್ಲಿ ಅದು ಬಂದಾಗಿತ್ತು.

ಮುಂದಿನ ಸರದಿ ಶಾಂಭವಿ ಹೂಗಾರಳದು. ಅವಳ ಕಿವಿಯ ಹಿಂದೆ ಬಿಲ್ಲೆ ಇರಲಿಲ್ಲ. ಮೂರು ಸಲ ಹಚ್ಚಿ ನೋಡಿದ್ದರು. ಮೂರು ಸಲವೂ ವಾಂತಿಯಾಗಿ ಎರಡೆರಡು ದಿನ ಹಾಸಿಗೆ ಹಿಡಿದಿದ್ದಳು. ಮುನ್ನೂರರಲ್ಲಿ ಒಬ್ಬರ ನರ ಅದನ್ನು ಒಪ್ಪುವುದಿಲ್ಲವಂತೆ. ಅಂಥವರು ಹಳೆಯ ಪದ್ಧತಿಯಲ್ಲಿ, ಮಾಪಕಗಳನ್ನು ನೋಡಿಯೇ ಪರೀಕ್ಷೆ ಕೊಡಬಹುದಿತ್ತು. ಅದೂ ಬರುವ ಮಾರ್ಚ್ ತನಕ ಮಾತ್ರ. ವಿಜಯಪುರದ ಹೊರವಲಯದ ಆ ತರಬೇತಿ ಶಾಲೆಯಲ್ಲಿ ಹಾಗೆ ಉಳಿದವಳು ಅವಳೊಬ್ಬಳೇ. ಎರಡು ಸಲ ಫೇಲಾಗಿದ್ದಳು. ಮೂರನೆಯದು ಕೊನೆಯದು.

ಗೂಡು ಅಲುಗಿತು. ಮೋಡ ಕವಿಯಿತು. ಎದುರಿನ ಗಾಜಿನ ಮೇಲೆ ಆರು ಮಾಪಕಗಳು: ಮೂತಿ ಮತ್ತು ರೆಕ್ಕೆ ಹೇಗಿವೆ ಎಂದು ತೋರಿಸುವ ಕೃತಕ ದಿಗಂತ, ವೇಗ, ಎತ್ತರ, ದಿಕ್ಕು, ತಿರುವು, ಏರಿಳಿತ. ಎತ್ತರದ ಮುಳ್ಳು ಸ್ವಲ್ಪ ಜಾರಿದ್ದು ಕಂಡು ಅವಳು ಅದರ ಮೇಲೇ ಕಣ್ಣು ನೆಟ್ಟಳು. ಅದು ಸರಿಹೋಗುವಷ್ಟರಲ್ಲಿ ದಿಕ್ಕು ಮೂವತ್ತು ಡಿಗ್ರಿ ಸರಿದಿತ್ತು. ದಿಕ್ಕು ಹಿಡಿಯಹೋದರೆ ವೇಗ ಕೈಬಿಟ್ಟಿತು. ವಿಮಾನ ಬಲಕ್ಕೆ ಬಿದ್ದೇಹೋಗುತ್ತಿದೆ ಎಂದು ಮೈಯೆಲ್ಲ ಕೂಗುತ್ತಿತ್ತು. ಎಡಕ್ಕೆ ಒತ್ತಿದಳು, ಇನ್ನಷ್ಟು ಒತ್ತಿದಳು. ಪರದೆ ಕೆಂಪಾಯಿತು. ನೆಲಕ್ಕೆ ಬಡಿದಿದ್ದಳು.

"ಎಲ್ಲಿ ನೋಡಾಕತ್ತಿದ್ದಿ?" ಕಿವಿಯಲ್ಲಿ ಕ್ಯಾಪ್ಟನ್ ಕೌಜಲಗಿಯವರ ದನಿ. ಅರವತ್ತೆಂಟು ವರ್ಷದ ಅವರು ಹಳೆಯ ವಿದ್ಯೆ ಕಲಿಸಲು ಉಳಿದಿದ್ದ ಕೊನೆಯ ಮೇಷ್ಟ್ರು.

"ಎತ್ತರ ನೋಡಾಕತ್ತಿದ್ದೆ ಸರ್."

"ಅದಕ್ಕ ಸತ್ತಿ. ಒಂದ ಮುಳ್ಳಿನ ಮ್ಯಾಲ ಜೀವಾ ಇಟ್ಟರ ಉಳಿದ ಐದೂ ಕೂಡಿ ನಿನ್ನ ಕೊಲ್ಲತಾವು. ಕಣ್ಣು ತಿರಗತಿರಬೇಕವಾ. ದಿಗಂತ, ವೇಗ, ಮತ್ತ ದಿಗಂತ, ಎತ್ತರ, ಮತ್ತ ದಿಗಂತ. ಎಲ್ಲೂ ಠಿಕಾಣಿ ಹೂಡಬ್ಯಾಡ."

"ಮೈ ಬಲಕ್ಕ ಬೀಳಾಕತ್ತೈತಿ ಅಂತೈತ್ರಿ ಸರ್. ನಾ ಏನ್ ಮಾಡ್ಲಿ?"

"ಅನ್ನಲಿ ಬಿಡು. ಅಳೂ ಕೂಸಿನ್ನ ಕಂಕಳಾಗ ಇಟಗೊಂಡ ರೊಟ್ಟಿ ಬಡಿಯೂದಿಲ್ಲೇನು ಹೆಣ್ಮಕ್ಕಳು? ಹಂಗ."

ಅವಳು ಗೂಡಿನಿಂದ ಇಳಿದಳು. ಓಂಕಾರ ನೀರಿನ ಬಾಟಲಿ ಕೊಟ್ಟ. ಕನಿಕರದಿಂದಲೇ ಕೊಟ್ಟ, ಅದೇ ಅವಳಿಗೆ ಹೆಚ್ಚು ನೋವು ಮಾಡಿತು.

ಆ ವಾರ ಸಮಕರ್ಣವನ್ನು ಕಂಡುಹಿಡಿದ ಡಾಕ್ಟರ್ ವಾಮನ ಶೆಣೈ ಶಾಲೆಗೆ ಬಂದರು. ಕುಂದಾಪುರದ ಕಡೆಯವರು, ಐವತ್ತೈದರ ಆಸುಪಾಸು, ಮೆಲುಮಾತಿನ ಮನುಷ್ಯ. ಶಾಂಭವಿಯ ನರ ಯಾಕೆ ಒಪ್ಪುತ್ತಿಲ್ಲವೆಂದು ಇಡೀ ಮುಂಜಾನೆ ಅಳೆದರು. ಬಳಿಕ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ತಾವೇ ಮಾತು ತೆಗೆದರು.

"ನಿಮ್ಮ ಕಷ್ಟ ನನಗೆ ಗೊತ್ತುಂಟು ಶಾಂಭವಿ. ಹತ್ತೊಂಬತ್ತನೇ ವಯಸ್ಸಿಗೆ ನಾನೂ ಇದೇ ಪರೀಕ್ಷೆಯಲ್ಲಿ ಬಿದ್ದವನು. ಮೋಡದೊಳಗೆ ಹೋದರೆ ಕೈಕಾಲೇ ಆಡುತ್ತಿರಲಿಲ್ಲ. ಇನ್ನೊಬ್ಬರಿಗೆ ಹಾಗಾಗಬಾರದು ಅಂತಲೇ ಇದನ್ನು ಮಾಡಿದ್ದು."

"ಸರ್, ಗೈರೋನ ತಪ್ಪು ಹೇಳಿದರ?"

"ಮೂರು ಗೈರೋ ಉಂಟಲ್ಲ. ಒಂದು ತಪ್ಪಿದರೆ ಉಳಿದೆರಡು ಅದನ್ನು ಹೊರಗಿಡುತ್ತವೆ."

"ಮೂರೂ ಕೂಡೇ ತಪ್ಪಿದರ?"

ಶೆಣೈ ನಕ್ಕರು. "ಹಾಗಾಗಬೇಕಾದರೆ ನೂರು ಕೋಟಿ ಗಂಟೆ ಹಾರಬೇಕು."

ಪಕ್ಕದ ಮೇಜಿನಿಂದ ಕೌಜಲಗಿಯವರು ತಿರುಗಿದರು. "ಡಾಕ್ಟ್ರ, ಮುಳ್ಳು ಸುಳ್ಳು ಹೇಳಿದರ ಕಣ್ಣಿಗೆ ಸಂಶಯ ಬರತೈತಿ. ಹೊಟ್ಟ್ಯಾಗ ಹುಟ್ಟಿದ ಸುಳ್ಳಿಗೆ ಸಂಶಯ ಪಡೋರು ಯಾರು?"

"ನೀವೊಂದು, ಮಾರಾಯ್ರೇ," ಎಂದು ಶೆಣೈ ಮತ್ತೆ ನಕ್ಕರು. ಆದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದದ್ದನ್ನು ಶಾಂಭವಿ ಗಮನಿಸಿದಳು.

ಮುಂದಿನ ಐದು ವಾರ ಅವಳು ದಿನಕ್ಕೆ ಮೂರು ತಾಸು ಗೂಡಿನಲ್ಲಿ ಕೂತಳು. ಕ್ಯಾಪ್ಟನ್ ಒಂದೊಂದೇ ಮಾಪಕದ ಮೇಲೆ ಕಾಗದ ಅಂಟಿಸುತ್ತಿದ್ದರು. ಉಳಿದವುಗಳಿಂದ ಅದು ಏನು ಹೇಳುತ್ತಿರಬಹುದೆಂದು ಅವಳು ಊಹಿಸಬೇಕು. ವೇಗ ಏರುತ್ತಿದೆ, ಎತ್ತರ ಇಳಿಯುತ್ತಿದೆ ಎಂದರೆ ಮೂತಿ ಕೆಳಗಿದೆ. ದಿಕ್ಕು ಸರಿಯುತ್ತಿದೆ ಎಂದರೆ ರೆಕ್ಕೆ ವಾಲಿದೆ. ದಿಗಂತ ಏನಾದರೂ ಹೇಳಿಕೊಳ್ಳಲಿ. "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂದಾರ ಹಿರಿಯಾರು," ಎನ್ನುತ್ತಿದ್ದರು. ನಾಲ್ಕನೆಯ ವಾರದ ಒಂದು ಮಧ್ಯಾಹ್ನ, ಮೈ ಎಂದಿನಂತೆ ಬಲಕ್ಕೆ ಬೀಳುತ್ತಿದ್ದೇನೆಂದು ಅರಚುತ್ತಿರುವಾಗಲೇ, ಕಣ್ಣು ಮಾತ್ರ ತನ್ನಷ್ಟಕ್ಕೆ ಮಾಪಕದಿಂದ ಮಾಪಕಕ್ಕೆ ಹೋಗುತ್ತಿರುವುದು ಅವಳಿಗೆ ತಿಳಿಯಿತು. ವಿಮಾನ ನೇರವಾಗಿತ್ತು. ಸಂತೋಷಪಟ್ಟರೆ ಕೈತಪ್ಪೀತೆಂದು ಅವಳು ಉಸಿರನ್ನೂ ಜೋರಾಗಿ ಬಿಡಲಿಲ್ಲ.

ಪರೀಕ್ಷೆಗೆ ಇಬ್ಬಿಬ್ಬರ ಜೋಡಿ. ಶಾಂಭವಿಗೆ ಜೊತೆಯಾದವನು ಓಂಕಾರ. ಮೊದಲರ್ಧ ಅವನು ನಡೆಸಬೇಕು, ಅವಳು ಮಾಪಕ ಕಾಯಬೇಕು; ಆಮೇಲೆ ಅದಲುಬದಲು. ಶೆಣೈ ಕೂಡ ನೋಡಲು ಬಂದಿದ್ದರು.

ಆರು ಸಾವಿರ ಅಡಿ. ಮೋಡ ಒರಟಾಗಿತ್ತು, ಗೂಡು ಕುಲುಕುತ್ತಿತ್ತು. ಹನ್ನೊಂದನೆಯ ನಿಮಿಷದಲ್ಲಿ ದಿಕ್ಕಿನ ಮುಳ್ಳು ಮೆಲ್ಲಗೆ ಸರಿಯುತ್ತಿರುವುದನ್ನು ಶಾಂಭವಿ ಕಂಡಳು. ಕೃತಕ ದಿಗಂತ ಸಮವಾಗಿಯೇ ಇತ್ತು. ತಿರುವು ನೋಡಿದಳು: ಎಡಕ್ಕೆ. ವೇಗ: ಏರುತ್ತಿದೆ. ಎತ್ತರ: ಐದು ಸಾವಿರದ ಏಳುನೂರು.

"ಓಂಕಾರ, ಎಡಕ್ಕ ತಿರಗಾಕತ್ತೀವಿ. ಇಳಿಯಾಕತ್ತೀವಿ."

"ಇಲ್ಲಲ್ಲ. ಸಮ ಐತಿ."

"ಎತ್ತರ ನೋಡು. ಐದು ಸಾವಿರ."

ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. "ಮಾಪಕ ಕೆಟ್ಟೈತಿ," ಎಂದ, ಅತ್ಯಂತ ಸಹಜವಾಗಿ.

"ನಾಲ್ಕೂ ಕೂಡೇ ಕೆಡತಾವೇನು? ದಿಗಂತಕ್ಕೂ ನಿನ್ನ ಬಿಲ್ಲೆಗೂ ಮೂಲ ಒಂದ ಐತಿ, ಕೆಟ್ಟಿದ್ದು ಅದು! ನನ್ನ ಕೈಗೆ ಕೊಡು!"

ಅವಳು ತನ್ನ ಕಡೆಯ ಹಿಡಿಕೆ ಬಲಕ್ಕೆ ಎಳೆದಳು. ಓಂಕಾರ ಚೀರಿದ. ಅವನ ಮೈಗೆ ವಿಮಾನ ಮಗುಚಿ ಬೀಳುತ್ತಿತ್ತು. ಎರಡೂ ಕೈಯಿಂದ ಹಿಡಿಕೆ ಎಡಕ್ಕೆ ಜಗ್ಗಿದ, ಕಾಲು ಊರಿ ಜಗ್ಗಿದ. "ಕೊಲ್ಲತೀ ಏನ ನನ್ನ! ಬಿಡಲೇ!" ಅವನು ನಾಟಕವಾಡುತ್ತಿರಲಿಲ್ಲ, ಜೀವ ಉಳಿಸಿಕೊಳ್ಳುತ್ತಿದ್ದ. ಅವನ ಶಕ್ತಿಗೆ ಅವಳ ತೋಳು ಸಾಲಲಿಲ್ಲ. ಎರಡು ಸಾವಿರ. ಒಂಬೈನೂರು. ಪರದೆ ಕೆಂಪಾಯಿತು.

ಗೂಡಿನ ಬಾಗಿಲು ತೆರೆದಾಗ ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು. ಶೆಣೈ ದಾಖಲೆಗಳ ಮುಂದೆ ಬಗ್ಗಿ ಕೂತವರು ಸಂಜೆಯ ತನಕ ಏಳಲಿಲ್ಲ. ಈ ತಪ್ಪನ್ನು ಪರೀಕ್ಷಕರು ಯಾರೂ ಬೇಕೆಂದು ಹಾಕಿರಲಿಲ್ಲ. ಸಿಮ್ಯುಲೇಟರಿನಲ್ಲಿದ್ದುದು ನಿಜವಾದ ವಿಮಾನಗಳಲ್ಲಿರುವ ಪ್ರೋಗ್ರಾಮೇ. ಗೈರೋಗಳು ಮೂರು, ಆದರೆ ಅವುಗಳ ಮಾತು ಕೇಳಿ ತೀರ್ಮಾನಿಸುವ ಪ್ರೋಗ್ರಾಮ್ ಒಂದೇ. ಒರಟು ಗಾಳಿಯಲ್ಲಿ ಬಹಳ ಮೆಲ್ಲಗೆ ನಡೆಯುವ ವಾಲನ್ನು ಅದು ಕುಲುಕಾಟವೆಂದು ತಿಳಿದು ಅಳಿಸಿಹಾಕುತ್ತಿತ್ತು.

"ಈಗ ಆಕಾಶದಲ್ಲಿ ಎಷ್ಟು ವಿಮಾನ ಉಂಟು?" ಎಂದು ಶೆಣೈ ಕೇಳಿದರು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ. ಆಮೇಲೆ ಫೋನ್ ಹಿಡಿದು ಹೊರಗೆ ಹೋದರು.

ಆ ಸಂಜೆ ಓಂಕಾರ ಹಾಸ್ಟೆಲ್ ಮೆಟ್ಟಿಲ ಮೇಲೆ ಅವಳ ಪಕ್ಕ ಬಂದು ಕೂತ.

"ದಾಖಲೆ ನೋಡಿದೆ. ನೀ ಹೇಳಿದ್ದ ಖರೆ," ಎಂದ. "ಆದರ ನನ್ನ ಮೈ ಈಗೂ ನಿಂದ ತಪ್ಪು ಅಂತೈತಿ ಶಾಂಭವಿ. ಅದಕ್ಕ ಹೆಂಗ ಹೇಳಲಿ?"



ಸಮಕರ್ಣ ತಯಾರಿಸುವ ಕಂಪನಿ ತನಿಖೆ ನಡೆಸಿತು. ಮೂರು ವಾರಕ್ಕೆ ವರದಿ ಬಂತು. ಮೂರರ ಬದಲು ನಾಲ್ಕು ಗೈರೋ ಇಡಲಾಗುವುದು. ಪ್ರೋಗ್ರಾಮ್ ಮಾತ್ರ ಸದ್ಯಕ್ಕೆ ಅದೇ, ಸೂಕ್ತ ಕಾಲದಲ್ಲಿ ತಿದ್ದಲಾಗುವುದು. ನೆಲಕ್ಕೆ ಬಡಿದ ಕಾರಣದ ಅಂಕಣದಲ್ಲಿ ಹೀಗಿತ್ತು: ಇಬ್ಬರು ಪೈಲಟ್‌ಗಳ ನಡುವಿನ ಭಿನ್ನಾಭಿಪ್ರಾಯ. ಶಿಫಾರಸು: ಇನ್ನು ಮುಂದೆ ಇಬ್ಬರೂ ಸಮಕರ್ಣ ಧರಿಸಿರತಕ್ಕದ್ದು. ಇಬ್ಬರ ಅನುಭವವೂ ಒಂದೇ ಆದಲ್ಲಿ ಇಂಥ ಭಿನ್ನಾಭಿಪ್ರಾಯಕ್ಕೆ ಆಸ್ಪದವಿರುವುದಿಲ್ಲ.

ಕೆಳಗೆ ಸಹಿಗೆ ಜಾಗವಿತ್ತು. ಶೆಣೈ ತಮ್ಮ ವಿರೋಧವನ್ನು ನಾಲ್ಕು ಪುಟ ಬರೆದು ಲಗತ್ತಿಸಿದ್ದರು. ಅದನ್ನು ಓದಿದವರು ಕಡಿಮೆ. ಓಂಕಾರ ಸಹಿ ಮಾಡಿದ್ದ. ಸಹಿ ಮಾಡಿದರೆ ಮರುಪರೀಕ್ಷೆ ಇದೆ, ಅವನಿಗೆ ಸರಕು ವಿಮಾನದ ಕೆಲಸ ಕಾಯುತ್ತಿದೆ. ಶಾಂಭವಿ ಕಾಗದವನ್ನು ಎರಡು ದಿನ ಇಟ್ಟುಕೊಂಡಳು. ಬೆಳಗಾದರೆ ಮನೆಮನೆಗೆ ಹೂವು ಪತ್ರಿ ಮುಟ್ಟಿಸುವ ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದಳು.

"ಸಹಿ ಮಾಡಿದರ ಪೈಲಟ್ ಆಗತೀ ಏನವಾ?" ಎಂದು ಅಪ್ಪ ಕೇಳಿದರು.

"ಇಲ್ಲಪ್ಪಾ. ಬಿಲ್ಲೆ ಹಚಗೊಳ್ಳದವರು ಇನ್ನ ಕೂಡಂಗಿಲ್ಲ. ಆದರ ಸಾಲ್ಯಾಗ ಬ್ಯಾರೆ ಕೆಲಸ ಕೊಡತಾರಂತ."

"ನೀ ಕಂಡಿದ್ದು ಏನು?"

"ತಿರಗತಿತ್ತು."

"ಮತ್ತ ತಿರಗತಿತ್ತು ಅಂತ ಬರಿ."

ಅವಳು ಸಹಿ ಹಾಕುವ ಜಾಗದಲ್ಲಿ ಅದನ್ನೇ ಬರೆದು ಕಳಿಸಿದಳು. ಮಾರ್ಚ್‌ನಲ್ಲಿ ಹಳೆಯ ಪರೀಕ್ಷೆ ರದ್ದಾಯಿತು. ಕೌಜಲಗಿಯವರು ನಿವೃತ್ತರಾದರು. ಗೂಡಿನ ಗಾಜಿನಿಂದ ಆರು ಮಾಪಕಗಳನ್ನು ತೆಗೆದುಹಾಕಿದರು; ಹಾರುವ ವಿಮಾನಗಳಲ್ಲಿ ಮಾತ್ರ ಅವು ಇನ್ನೂ ಉಳಿದಿದ್ದವು.

ಜುಲೈ ಇಪ್ಪತ್ತರ ಬೆಳಿಗ್ಗೆ, ಒರಟು ಮೋಡದಲ್ಲಿ, ಒಂದು ಸರಕು ವಿಮಾನ ಸೊಲ್ಲಾಪುರ ದಾರಿಯ ತೊಗರಿ ಹೊಲಕ್ಕೆ ಬಿತ್ತು. ಇಬ್ಬರು ಪೈಲಟ್‌ಗಳೂ ಸತ್ತರು. ಅವರಲ್ಲಿ ಕಿರಿಯವನು ಓಂಕಾರ ಬಾಗೇವಾಡಿ.

ಈ ಸಲದ ತನಿಖೆ ಸರ್ಕಾರದ್ದು. ಹಿಂದೊಮ್ಮೆ ಇಂಥದ್ದನ್ನು ಕಂಡವಳೆಂದು ಶಾಂಭವಿಯನ್ನು ಕರೆಸಿದರು. ಒಂದು ಸಣ್ಣ ಕೋಣೆಯಲ್ಲಿ ಅವಳನ್ನೂ ಶೆಣೈಯವರನ್ನೂ ಕೂರಿಸಿ, ವಿಮಾನದೊಳಗಿನ ಮಾತುಗಳ ಧ್ವನಿಮುದ್ರಣ ಹಾಕಿದರು. ಅಧಿಕಾರಿ ಮೊದಲೇ ಎಚ್ಚರಿಸಿದ: "ಕೊನೆತನಕ ಏನೂ ಗದ್ದಲ ಇಲ್ಲ. ಕೇಳೋಕೆ ಸ್ವಲ್ಪ ಕಷ್ಟ ಆಗುತ್ತೆ."

ಹಿರಿಯ ಪೈಲಟ್ ಮಗಳ ಮದುವೆಯ ಮಾತಾಡುತ್ತಿದ್ದ. ಓಂಕಾರ ನಗುತ್ತಿದ್ದ. ಆಮೇಲೆ ಎಚ್ಚರಿಕೆಯ ಗಂಟೆ ಹೊಡೆಯತೊಡಗಿತು.

"ಸರ್, ಎತ್ತರ ಇಳಿಯಾಕತ್ತೈತಿ ಅಂತ ತೋರಸ್ತೈತಲ್ರಿ?" ಓಂಕಾರನ ದನಿ.

"ನಿನಗೇನು ಅನ್ನಿಸ್ತಾ ಇದೆ?"

ಗಂಟೆ ಹೊಡೆಯುತ್ತಲೇ ಇತ್ತು.

"ಸಮ ಐತ್ರಿ."

"ನನಗೂ ಸಮ ಅನ್ನಿಸ್ತಿದೆ. ಆ ಗಂಟೆ ಬಂದ್ ಮಾಡು."

ಗಂಟೆ ನಿಂತಿತು. ಆಮೇಲೆ ಮತ್ತೆ ಮದುವೆಯ ಮಾತು, ಛತ್ರ ಸಿಕ್ಕಿದ ವಿಷಯ. ಅದರ ಮಧ್ಯದಲ್ಲೇ ಮುದ್ರಣ ಮುಗಿಯಿತು.

"ನಾವು ಕಾಲೇಜಿನಲ್ಲಿದ್ದಾಗ," ಎಂದರು ಶೆಣೈ, "ಫೋನು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ಗಾಡಿ ತಿರುಗಿಸುತ್ತಿದ್ದೆವು. ಒಂದು ಸಲ ಹಾಗೇ ಹೋಗಿ ಹೊಳೆಯ ದಡಕ್ಕೆ ಮುಟ್ಟಿದ್ದೆ. ನೀರು ಕಂಡಿತು, ಬ್ರೇಕ್ ಹಾಕಿದೆ. ಗೆಳೆಯರೆಲ್ಲ ನಕ್ಕರು, ನಾನೂ ನಕ್ಕೆ. ಮರುದಿನ ಅದೇ ಫೋನ್ ಹಿಡಿದು ಮತ್ತೆ ಹೊರಟೆ. ಆವತ್ತು ನೀರು ಕಂಡದ್ದರಿಂದ ಉಳಿದೆ ಅಂತ ನನಗೆ ಹೊಳೆಯಲೇ ಇಲ್ಲ."

ಶಾಂಭವಿ ಅಧಿಕಾರಿಯ ಕಡೆ ತಿರುಗಿದಳು. "ಸರ್, ಇನ್ನೊಮ್ಮೆ ಹಾಕ್ರಿ. ನಿನಗೇನು ಅನ್ನಿಸ್ತಾ ಇದೆ ಅಂದರಲ್ಲ, ಅಲ್ಲಿಂದ."

ಅಧಿಕಾರಿ ಹಾಕಿದ. ಪ್ರಶ್ನೆ ಕೇಳಿಸಿತು. ಗಂಟೆ ಹೊಡೆಯುತ್ತಲೇ ಇತ್ತು. ಅವಳು ಕೈಗಡಿಯಾರ ನೋಡಿದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಸೆಕೆಂಡು ಓಂಕಾರ ಏನೂ ಹೇಳಿರಲಿಲ್ಲ. ನಾಲ್ಕು ಸೆಕೆಂಡು ಅವನು ಮಾಪಕ ನೋಡುತ್ತಿದ್ದ.